ಏರು ಬಂದಾಗ ಗೇರ್ ಇಳಿಸಿದ ವೆಲೋಸಿಯೊ

ನಮ್ಮ ಕಾಲೇಜಿನ ಗೇಟಿಗೆ ಬರುವ ಕೊನೆಯ ಏರು ಎಲ್ಲರಿಗೂ ಗೊತ್ತು. ಬಸ್ಸು ಕೂಡ ಅಲ್ಲಿ ಗೇರ್ ಬದಲಿಸಿ ಒಂದು ಸಲ ಉಸಿರು ಬಿಟ್ಟೇ ಮೇಲೆ ಬರುತ್ತದೆ. ಕಳೆದ ಜೂನ್‌ನಲ್ಲಿ ಅದೇ ಏರಿನ ಅರ್ಧದಲ್ಲಿ ನಾನು ಸೈಕಲ್‌ನಿಂದ ಕಾಲು ಕೆಳಗಿಟ್ಟು ನಿಂತುಬಿಟ್ಟೆ. ಬಲ ಮೊಣಕಾಲು ಚುಚ್ಚುತ್ತಿತ್ತು. ಆಗ ಹಿಂದಿನಿಂದ ನಮ್ಮ ಕಾಲೇಜಿನ ಅಟೆಂಡರ್ ಕಾಕ ತಮ್ಮ ಹಳೆಯ ಕಪ್ಪು ಸೈಕಲನ್ನು ತಳ್ಳಿಕೊಂಡು ಬಂದರು. ಹ್ಯಾಂಡಲ್‌ಗೆ ಬುತ್ತಿಚೀಲ ನೇತುಹಾಕಿತ್ತು. ಅವರು ನಡೆಯುತ್ತಲೇ ನನ್ನನ್ನು ದಾಟಿ ಹೋದರು. ನಗಲಿಲ್ಲ. ಇಷ್ಟೊಂದು ಚಕ್ರಗಳನ್ನು ಇಟ್ಟುಕೊಂಡು ಒಂದನ್ನೇ ಯಾಕೆ ತುಳಿಯುತ್ತೀ ಎಂದು ಮಾತ್ರ ಕೇಳಿದರು.

ಆ ಸೈಕಲ್ ನನ್ನ ಮಾಮನದು. ದುಬೈಗೆ ಕೆಲಸಕ್ಕೆ ಹೋಗುವಾಗ ನನಗೆ ಕೊಟ್ಟು ಹೋಗಿದ್ದರು. ತೆಳು ಟೈರಿನ ರೋಡ್ ಸೈಕಲ್. ಮುಂದೆ 50 ಮತ್ತು 34 ಹಲ್ಲುಗಳ ಎರಡು ಚಕ್ರ, ಹಿಂದೆ 11ರಿಂದ 28 ಹಲ್ಲುಗಳವರೆಗಿನ ಒಂಬತ್ತು ಚಕ್ರ. ಒಟ್ಟು ಹದಿನೆಂಟು ಗೇರ್. ಆದರೆ ಮುಂದಿನ ದೊಡ್ಡ ಚಕ್ರದಿಂದ ನಾನು ಚೈನನ್ನು ಇಳಿಸಿದ್ದೇ ಇಲ್ಲ. ಸಣ್ಣ ಚಕ್ರ ಹಾಕಿದರೆ ಕಾಲು ಬೇಗ ಬೇಗ ತಿರುಗುತ್ತದೆ, ನೋಡುವವರು ನಗುತ್ತಾರೆ ಎಂಬ ಭಯ. ನನ್ನ ಗೆಳೆಯರು ಅದನ್ನು ಮಕ್ಕಳ ಗೇರ್ ಎಂದೇ ಕರೆಯುತ್ತಿದ್ದರು.

ಅದಾಗಿ ಕೆಲವು ವಾರಗಳಲ್ಲಿ, ಘಟಕ ಪರೀಕ್ಷೆಯ ದಿನವೇ, ಅದೇ ಏರಿನಲ್ಲಿ ಚೈನ್ ತುಂಡಾಯಿತು. ಸೈಕಲ್ ತಳ್ಳಿಕೊಂಡು ಬಂದು, ಕಪ್ಪು ಕೈಗಳಲ್ಲೇ ಇಪ್ಪತ್ತು ನಿಮಿಷ ತಡವಾಗಿ ಭೌತಶಾಸ್ತ್ರದ ಪತ್ರಿಕೆ ಬರೆದೆ. ಸರ್ ಬೈಯಲಿಲ್ಲ. ಪರೀಕ್ಷೆ ಮುಗಿದ ಮೇಲೆ ಸೈಕಲ್ ಹತ್ತಿರ ಬಂದು ಚೈನನ್ನು ಬೆರಳಿನಿಂದ ಮುಟ್ಟಿ ನೋಡಿದರು. ಗೇರ್ ಅಂದರೆ ಏನೆಂದು ತಿಳಿಯಬೇಕಾದರೆ ವೆಲೋಸಿಯೊ ಎಂಬ ಫ್ರೆಂಚ್ ಮನುಷ್ಯನ ಜೀವನ ಓದು ಎಂದರು. ಮಳೆಗಾಲವೆಲ್ಲ ಸಿಕ್ಕಿದ್ದನ್ನು ಓದಿದೆ. ಸೈಕಲ್ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರಂತೆ ಅದು. ನನಗೆ ಮಾತ್ರ ಹೊಸದಾಗಿತ್ತು. ನಿಮ್ಮಲ್ಲೂ ಹಲವರಿಗೆ ಹೊಸದಿರಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ರೇಷ್ಮೆ ವ್ಯಾಪಾರಿ ಸೈಕಲ್ ಹತ್ತಿದ್ದು

ವೆಲೋಸಿಯೊ ಎಂಬುದು ಲೇಖನಕ್ಕೆ ಇಟ್ಟುಕೊಂಡ ಹೆಸರು. ನಿಜವಾದ ಹೆಸರು ಪಾಲ್ ದ ವಿವಿ. ಹುಟ್ಟಿದ್ದು 1853ರಲ್ಲಿ, ದಕ್ಷಿಣ ಫ್ರಾನ್ಸಿನ ಪೆರ್ನ್ ಎಂಬ ಸಣ್ಣ ಊರಿನಲ್ಲಿ. ಬೆಳೆದು ರೇಷ್ಮೆ ವ್ಯಾಪಾರಕ್ಕೆ ಇಳಿದು ಸೇಂಟ್ ಎಟಿಯೆನ್ ಪಟ್ಟಣದಲ್ಲಿ ನೆಲೆಸಿದ. ಕಲ್ಲಿದ್ದಲು, ಬಂದೂಕು, ರೇಷ್ಮೆ ರಿಬ್ಬನ್ ಇವು ಆ ಪಟ್ಟಣದ ಕಸುಬು. ಸುತ್ತಲೂ ಬೆಟ್ಟ. ಎತ್ತ ಹೊರಟರೂ ಏರು ಹತ್ತಲೇಬೇಕಾದ ಊರು. ಅವನ ಮುಂದಿನ ಕಥೆಗೆಲ್ಲ ಈ ಬೆಟ್ಟಗಳೇ ಕಾರಣ.

1881ರಲ್ಲಿ, ಮೂವತ್ತು ತುಂಬುವ ಮೊದಲೇ, ಅವನು ತನ್ನ ಮೊದಲ ಸೈಕಲ್ ಕೊಂಡ. ಆಗಿನ ಸೈಕಲ್ ಎಂದರೆ ಮುಂದೆ ಎದೆಯೆತ್ತರದ ದೊಡ್ಡ ಚಕ್ರ, ಹಿಂದೆ ತಟ್ಟೆಯಂಥ ಪುಟ್ಟ ಚಕ್ರ. ಚಿತ್ರದಲ್ಲಿ ನೋಡಿರುತ್ತೀರಿ. ಅದರಲ್ಲಿ ಚೈನ್ ಇರಲಿಲ್ಲ. ಪೆಡಲ್ ನೇರವಾಗಿ ಮುಂದಿನ ಚಕ್ರಕ್ಕೇ ಇತ್ತು. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ದೂರ ಹೋಗಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು, ಆದರೆ ಕಾಲು ಎಟುಕುವಷ್ಟೇ ದೊಡ್ಡದು ಮಾಡಬಹುದು. ಉದ್ದ ಕಾಲಿನವನಿಗೆ ವೇಗ, ಗಿಡ್ಡ ಕಾಲಿನವನಿಗೆ ಸೋಲು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎರಡು ಕೆಲಸ ನಡೆದವು. 1880ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹ್ಯಾನ್ಸ್ ರೆನಾಲ್ಡ್ ಎಂಬ ಸ್ವಿಸ್ ಮೂಲದ ಎಂಜಿನಿಯರ್ ರೋಲರ್ ಚೈನ್ ರೂಪಿಸಿದ. 1885ರಲ್ಲಿ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ಹೊರತಂದ. ಹೆಚ್ಚುಕಡಿಮೆ ಸಮನಾದ ಎರಡು ಚಕ್ರ, ನಡುವೆ ಪೆಡಲ್, ಪೆಡಲ್‌ನಿಂದ ಹಿಂದಿನ ಚಕ್ರಕ್ಕೆ ಚೈನ್. ಇಂದು ನಾವು ತುಳಿಯುವ ಸೈಕಲ್‌ನ ರೂಪ ಇದೇ. ಚೈನ್ ಬಂದದ್ದರಿಂದ ಕಾಲಿಗೂ ಚಕ್ರಕ್ಕೂ ಇದ್ದ ನೇರ ಗಂಟು ಬಿಚ್ಚಿತು. ಮುಂದೆ 46 ಹಲ್ಲು, ಹಿಂದೆ 16 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗುವಾಗ ಹಿಂದಿನ ಚಕ್ರ ಮೂರು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತದೆ. ಈಗಿನ ರೋಡ್ ಸೈಕಲ್ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಹಾಗಾದರೆ ಒಂದು ತುಳಿತಕ್ಕೆ ಸುಮಾರು 6 ಮೀಟರ್. ಫ್ರೆಂಚರು ಗೇರನ್ನು ಅಳೆಯುವುದು ಹೀಗೆಯೇ, ಪೆಡಲ್ ಒಂದು ಸುತ್ತಿಗೆ ಎಷ್ಟು ಮೀಟರ್ ಎಂದು. ಈ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಾಲ್ ದ ವಿವಿ ಕೊವೆಂಟ್ರಿಗೆ ಹೋಗಿ ಇದನ್ನೆಲ್ಲ ಕಣ್ಣಾರೆ ಕಂಡುಬಂದ. 1887ರಲ್ಲಿ ನಡೆಯುತ್ತಿದ್ದ ರೇಷ್ಮೆ ವ್ಯಾಪಾರ ಬಿಟ್ಟು ಸೇಂಟ್ ಎಟಿಯೆನ್‌ನಲ್ಲಿ ಸೈಕಲ್ ಅಂಗಡಿ ತೆರೆದ. ಅದೇ ವರ್ಷ ಸೈಕಲ್ ಸವಾರರಿಗಾಗಿ ಒಂದು ಪತ್ರಿಕೆಯನ್ನೂ ಆರಂಭಿಸಿದ. ಮರುವರ್ಷ ಅದರ ಹೆಸರು ಲ ಸಿಕ್ಲಿಸ್ತ್ ಎಂದಾಯಿತು, ಅಂದರೆ ಸೈಕಲ್ ಸವಾರ. ಕೈಯಲ್ಲಿದ್ದ ವ್ಯಾಪಾರ ಬಿಟ್ಟು ಸೈಕಲ್ ಹಿಂದೆ ಹೋದವನನ್ನು ಆ ಕಾಲದಲ್ಲಿ ಜನ ಹೇಗೆ ನೋಡಿರಬಹುದೆಂದು ಊಹಿಸಿಕೊಳ್ಳಿ. 1889ರಲ್ಲಿ ಅವನು ತನ್ನದೇ ಸೈಕಲ್ ಕಟ್ಟಿದ. ಹೆಸರು ಲಾ ಗೊಲ್ವಾಜ್. ಚೈನ್ ಇತ್ತು. ಗೇರ್ ಮಾತ್ರ ಒಂದೇ.

ಪೈಪ್ ಸೇದುತ್ತಾ ದಾಟಿ ಹೋದವನು

ಸೇಂಟ್ ಎಟಿಯೆನ್‌ನಿಂದ ದಕ್ಷಿಣಕ್ಕೆ ಹೊರಟರೆ ಕೊಲ್ ದ ಲಾ ರಿಪಬ್ಲಿಕ್ ಎಂಬ ಕಣಿವೆದಾರಿ ಸಿಗುತ್ತದೆ. ಎತ್ತರ 1161 ಮೀಟರ್. ಪಟ್ಟಣದಿಂದ ಸುಮಾರು 600 ಮೀಟರ್ ಮೇಲೇರಬೇಕು. ಆ ಏರಿನಲ್ಲಿ ಒಂದು ದಿನ ವೆಲೋಸಿಯೊ ಏದುಸಿರು ಬಿಡುತ್ತಾ ತುಳಿಯುತ್ತಿದ್ದಾಗ ಅವನ ಪತ್ರಿಕೆಯ ಓದುಗನೊಬ್ಬ ಹಿಂದಿನಿಂದ ಬಂದು, ಬಾಯಲ್ಲಿ ಪೈಪ್ ಇಟ್ಟುಕೊಂಡು ಆರಾಮವಾಗಿ ದಾಟಿ ಹೋದನಂತೆ. ಈ ಕಥೆಯನ್ನು ಸೈಕಲ್ ಸವಾರರು ಇಂದಿಗೂ ಹೇಳಿಕೊಳ್ಳುತ್ತಾರೆ. ಓದಿದಾಗ ನನಗೆ ನಗು ಬಂತು, ಕೂಡಲೇ ಅಟೆಂಡರ್ ಕಾಕನ ನೆನಪೂ ಬಂತು.

ಅಂಥ ಅವಮಾನವಾದರೆ ಏನು ಮಾಡುತ್ತೇವೆ? ನಾನಾಗಿದ್ದರೆ ನಾಳೆ ಇನ್ನೂ ಜೋರಾಗಿ ತುಳಿಯುತ್ತೇನೆ ಎಂದುಕೊಳ್ಳುತ್ತಿದ್ದೆ. ವೆಲೋಸಿಯೊ ಬೇರೆ ದಾರಿ ಹಿಡಿದ. ತಪ್ಪು ಕಾಲಿನದೋ ಯಂತ್ರದ್ದೋ ಎಂದು ಯೋಚಿಸಿದ. ತನ್ನ ಒಂದೇ ಗೇರನ್ನು ಹಗುರ ಮಾಡಿದರೆ ಏರು ಹತ್ತಬಹುದು, ಆದರೆ ಸಮತಟ್ಟಿನಲ್ಲಿ ಕಾಲು ಸುಮ್ಮನೆ ಗಿರಗಿರ ತಿರುಗುತ್ತದೆ. ಭಾರ ಮಾಡಿದರೆ ಸಮತಟ್ಟಿನಲ್ಲಿ ಹಾರಬಹುದು, ಏರಿನಲ್ಲಿ ನಿಲ್ಲಬೇಕು. ಮನುಷ್ಯನ ಕಾಲಿಗೆ ಒಂದು ಹಿತವಾದ ಲಯ ಇದೆ. ರಸ್ತೆ ಬದಲಾದರೂ ಆ ಲಯ ಬದಲಾಗಬಾರದು, ಬದಲಾಗಬೇಕಾದದ್ದು ಗೇರ್. ಅವನ ಮುಂದಿನ ನಲವತ್ತು ವರ್ಷಗಳ ಕೆಲಸಕ್ಕೆ ಈ ಒಂದು ತೀರ್ಮಾನವೇ ಅಡಿಪಾಯ.

ಮೊದಲು ಅವನು ಪೆಡಲ್ ಹತ್ತಿರ ಎರಡು ಅಳತೆಯ ಹಲ್ಲುಚಕ್ರ ಹಾಕಿದ. ಏರು ಬಂದಾಗ ಇಳಿದು, ಕೈಯಿಂದ ಚೈನನ್ನು ದೊಡ್ಡದರಿಂದ ಸಣ್ಣದಕ್ಕೆ ಇಡಬೇಕು. ಕೈ ಕಪ್ಪಾಗುತ್ತಿತ್ತು, ಆದರೆ ಏರು ಹತ್ತುತ್ತಿತ್ತು. ಆಮೇಲೆ ಸೈಕಲ್‌ನ ಎಡಬಲ ಎರಡೂ ಬದಿಗೆ ಚೈನ್ ಹಾಕಿ ನಾಲ್ಕು ಗೇರ್ ಮಾಡಿದ. ಅವನ ಸುತ್ತ ಆ ಪಟ್ಟಣದಲ್ಲಿ ಒಂದು ಗುಂಪೇ ಬೆಳೆಯಿತು. ಕಮ್ಮಾರರು, ಕೆಲಸಗಾರರು, ಸವಾರರು, ಎಲ್ಲರೂ ಪ್ರಯೋಗ ಮಾಡುವವರೇ. ಅದೇ ಊರಿನ ಕಾರ್ಖಾನೆಯೊಂದು ಹಿಂದಕ್ಕೆ ತುಳಿದರೆ ಏರಿನ ಗೇರ್ ಬೀಳುವ ಸೈಕಲ್ ಮಾಡಿ ಮಾರಿತು. ಹಿಂದಕ್ಕೆ ತುಳಿಯುತ್ತಾ ಮುಂದಕ್ಕೆ ಬೆಟ್ಟ ಹತ್ತುವುದನ್ನು ಯೋಚಿಸಿ ನೋಡಿ! ಜೋನಿ ಪಾನೆಲ್ ಎಂಬಾತ ಚೈನನ್ನು ಒಂದು ಹಲ್ಲುಚಕ್ರದಿಂದ ಪಕ್ಕದ ಹಲ್ಲುಚಕ್ರಕ್ಕೆ ತಳ್ಳುವ ಸಾಧನ ಮಾಡಿದ. ಅಂಥ ಸಾಧನಕ್ಕೆ ಡಿರೇಲರ್ ಎಂಬ ಹೆಸರು ನಿಂತಿತು. ರೈಲನ್ನು ಹಳಿ ತಪ್ಪಿಸುವುದು ಎಂಬ ಅರ್ಥದಿಂದ ಬಂದ ಮಾತು ಅದು. ನನ್ನ ಸೈಕಲ್‌ನ ಹಿಂದಿನ ಚಕ್ರದ ಬಳಿ ನೇತಾಡುವ ಸಾಧನ ಇದರ ಮೊಮ್ಮಗನೇ.

ವೆಲೋಸಿಯೊ ಇವನ್ನೆಲ್ಲ ತಾನೇ ಬೆಟ್ಟಕ್ಕೆ ಒಯ್ದು ತುಳಿದು ನೋಡಿ, ಏನು ಸರಿ ಏನು ತಪ್ಪು ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದ. ಬೇರೆಯವರು ಮಾಡಿದ್ದು ಚೆನ್ನಾಗಿದ್ದರೆ ಅದನ್ನೂ ಮನಸ್ಸು ಬಿಚ್ಚಿ ಹೊಗಳುತ್ತಿದ್ದ. ಅಂಗಡಿ ಇಟ್ಟುಕೊಂಡ ಮನುಷ್ಯ ಇನ್ನೊಬ್ಬನ ಸಾಮಾನನ್ನು ಹೊಗಳುವುದು ದೊಡ್ಡ ಮಾತು.

ಗೇರ್ ಬಲಹೀನರಿಗೆ ಎಂದವರು

ಆದರೆ ಆ ಕಾಲದ ರೇಸ್ ಲೋಕ ಗೇರನ್ನು ಒಪ್ಪಲಿಲ್ಲ. ಟೂರ್ ಡಿ ಫ್ರಾನ್ಸ್ ರೇಸನ್ನು ಆಮೇಲೆ ಕಟ್ಟಿ ಬೆಳೆಸಿದ ಹೆನ್ರಿ ದೆಗ್ರಾಂಜ್ 1902ರಲ್ಲಿ ತನ್ನ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಗೇಲಿ ಮಾಡಿದ. ಗೇರ್ ಏನಿದ್ದರೂ 45 ದಾಟಿದವರಿಗೆ, ಸ್ನಾಯುಬಲದಿಂದ ಗೆಲ್ಲುವುದೇ ಗೆಲುವು, ಯಂತ್ರದ ಯುಕ್ತಿಯಿಂದಲ್ಲ ಎಂಬುದು ಅವನ ವಾದದ ಸಾರ. ಮಕ್ಕಳ ಗೇರ್ ಎಂದು ನಗುತ್ತಿದ್ದ ನನ್ನ ಗೆಳೆಯರು ಹೊಸತೇನೂ ಹೇಳಿರಲಿಲ್ಲ. ಆ ನಗೆಗೆ ನೂರು ವರ್ಷಕ್ಕೂ ಮೀರಿದ ವಯಸ್ಸಾಗಿದೆ.

ಅದೇ 1902ರಲ್ಲಿ ಟೂರಿಂಗ್ ಕ್ಲಬ್ ಆಫ್ ಫ್ರಾನ್ಸ್ ಪಿರನೀಸ್ ಬೆಟ್ಟಗಳಲ್ಲಿ, ತುರ್ಮಲೆ ಕಣಿವೆದಾರಿಯ ಮೇಲೆ, ಪ್ರವಾಸದ ಸೈಕಲ್‌ಗಳಿಗೆ ಒಂದು ಪರೀಕ್ಷೆ ಏರ್ಪಡಿಸಿತು. ಅಲ್ಲಿ ಮಾರ್ತ್ ಹೆಸ್ ಎಂಬ ಮಹಿಳೆ ಗೇರ್ ಇದ್ದ ಗೊಲ್ವಾಜ್ ಸೈಕಲ್ ಏರಿ ಬಂದಳು. ಬಲಿಷ್ಠ ರೇಸ್ ಸವಾರರ ನಡುವೆ ಅವಳು ಏರಿನಲ್ಲಿ ನೆಲಕ್ಕೆ ಕಾಲಿಡದೆ ಹತ್ತಿದಳೆಂದು ಸೈಕಲ್ ಇತಿಹಾಸ ಅವಳನ್ನು ನೆನೆಯುತ್ತದೆ. ಆದರೂ ದೆಗ್ರಾಂಜ್ ಮನಸ್ಸು ಬದಲಾಗಲಿಲ್ಲ.

ಮರುವರ್ಷ, 1903ರಲ್ಲಿ, ಮೊದಲ ಟೂರ್ ಡಿ ಫ್ರಾನ್ಸ್ ನಡೆಯಿತು. ಲಿಯಾನ್‌ನಿಂದ ಮಾರ್ಸೆಗೆ ಹೊರಟ ಸವಾರರು ಹತ್ತಿದ್ದು ವೆಲೋಸಿಯೊನ ಅದೇ ಕೊಲ್ ದ ಲಾ ರಿಪಬ್ಲಿಕ್! ಡಿರೇಲರ್ ಇಲ್ಲದ ಭಾರದ ಸೈಕಲ್‌ಗಳಲ್ಲಿ. ಮುಂದಿನ ದಶಕಗಳಲ್ಲಿ ರೇಸ್ ಸವಾರರು ಏರಿನ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕುತ್ತಿದ್ದರು. ಚಕ್ರದ ಒಂದು ಬದಿಗೆ ಏರಿನ ಹಲ್ಲುಚಕ್ರ, ಇನ್ನೊಂದು ಬದಿಗೆ ಸಮತಟ್ಟಿನದು. ವೆಲೋಸಿಯೊನ ಗೆಳೆಯರು ಸೀಟಿನಿಂದ ಇಳಿಯದೆ ಮಾಡುತ್ತಿದ್ದ ಕೆಲಸಕ್ಕೆ ದೇಶದ ಅತಿ ಬಲಶಾಲಿಗಳು ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಿರಬೇಕಾಗುತ್ತಿತ್ತು.

ವೆಲೋಸಿಯೊ ರೇಸಿಗೆ ಹೋಗಿ ಜಗಳವಾಡಲಿಲ್ಲ. ತನ್ನ ಪಾಡಿಗೆ ತುಳಿದ. ಗೆಳೆಯರ ಗುಂಪು ಕಟ್ಟಿಕೊಂಡು, ರಾತ್ರಿ ಹಗಲು ಸವಾರಿ ಮಾಡಿ, ನೂರಾರು ಕಿಲೋಮೀಟರ್ ದೂರದ ಪ್ರೊವಾನ್ಸ್‌ಗೆ, ತಾನು ಹುಟ್ಟಿದ ಬಿಸಿಲಿನ ನಾಡಿಗೆ ಹೋಗುತ್ತಿದ್ದ. ಮಾಂಸ ತಿನ್ನುತ್ತಿರಲಿಲ್ಲ. ಸವಾರರಿಗಾಗಿ ಅವನು ಕೊಟ್ಟ ಏಳು ಸಲಹೆಗಳು ಇಂದಿಗೂ ಪ್ರಸಿದ್ಧ. ಅವುಗಳ ತಾತ್ಪರ್ಯವನ್ನಷ್ಟೇ ನನ್ನ ಮಾತಲ್ಲಿ ಹೇಳುತ್ತೇನೆ. ನಿಂತರೂ ಹೆಚ್ಚು ಹೊತ್ತು ನಿಲ್ಲಬೇಡಿ, ಲಯ ತಪ್ಪುತ್ತದೆ. ಹಸಿವು ಬಾಯಾರಿಕೆ ಕಾಣಿಸುವ ಮೊದಲೇ ಸ್ವಲ್ಪ ತಿನ್ನಿ, ಕುಡಿಯಿರಿ. ನಾಳೆ ಊಟ ನಿದ್ದೆ ಬೇಡವೆನಿಸುವಷ್ಟು ದಣಿಯಬೇಡಿ. ಚಳಿಯಾಗುವ ಮೊದಲು ಬಟ್ಟೆ ಹಾಕಿ, ಬಿಸಿಯಾಗುವ ಮೊದಲು ತೆಗೆಯಿರಿ. ದಾರಿಯಲ್ಲಿ ಮದ್ಯ, ಮಾಂಸ, ತಂಬಾಕು ಬೇಡ. ಮೊದಲ ಗಂಟೆಗಳಲ್ಲಿ ಹುರುಪಿನಿಂದ ಶಕ್ತಿಮೀರಿ ಓಡಿಸಬೇಡಿ. ಕೊನೆಯದು, ಜಂಬಕ್ಕಾಗಿ ಎಂದೂ ತುಳಿಯಬೇಡಿ.

ಈ ಕೊನೆಯ ಸಲಹೆ ಓದಿದ ದಿನ ನಾನು ಮೊದಲ ಸಲ ಚೈನನ್ನು ಮುಂದಿನ ಸಣ್ಣ ಚಕ್ರಕ್ಕೆ ಇಳಿಸಿದೆ.

ಕಾಗದ ಪೆನ್ನು ಹಿಡಿದು ಲೆಕ್ಕವೂ ಮಾಡಿದೆ. ಮೊಣಕಾಲು ನೋಯಿಸಿಕೊಂಡ ದಿನ ನಾನಿದ್ದದ್ದು ಮುಂದೆ 50, ಹಿಂದೆ 21ರಲ್ಲಿ. ಒಂದು ಸುತ್ತಿಗೆ 5 ಮೀಟರ್. ಮುಂದೆ 34, ಹಿಂದೆ 28 ಹಾಕಿದರೆ ಒಂದು ಸುತ್ತಿಗೆ ಸುಮಾರು 2.5 ಮೀಟರ್. ಅಂದರೆ ಹೆಚ್ಚುಕಡಿಮೆ ಅರ್ಧ. ಏರಿನ ಎತ್ತರ ಅಷ್ಟೇ, ನನ್ನ ತೂಕ ಅಷ್ಟೇ, ಮಾಡಬೇಕಾದ ಕೆಲಸವೂ ಅಷ್ಟೇ. ಆದರೆ ಅದೇ ಕೆಲಸವನ್ನು ಎರಡು ಪಟ್ಟು ಸುತ್ತುಗಳಿಗೆ ಹಂಚಿದರೆ ಪ್ರತಿ ತುಳಿತಕ್ಕೆ ಬೇಕಾದ ಬಲ ಅರ್ಧವಾಗುತ್ತದೆ. ಸನ್ನೆಯ ಪಾಠದಲ್ಲಿ ನಾವೇ ಬರೆಯುವ ಉತ್ತರ ಇದು. ಪರೀಕ್ಷೆಯಲ್ಲಿ ಬರೆದಿದ್ದೆ, ಮೊಣಕಾಲಿಗೆ ಹೇಳಿರಲಿಲ್ಲ.

ಚೈನ್ ಕಲಿಸಿದ ಪಾಠ

ಗೇರ್ ಬದಲಿಸುವ ಸೈಕಲ್‌ಗೆ ಒಂದು ಬೆಲೆ ಇದೆ. ಒಂದೇ ಗೇರಿನ ಸೈಕಲ್‌ನಲ್ಲಿ ಚೈನ್ ದಪ್ಪ, ನೇರ ಸಾಲಿನಲ್ಲಿ ಓಡುತ್ತದೆ, ಅದರ ಮೇಲೆ ಕವಚವೂ ಇರುತ್ತದೆ. ನಮ್ಮ ಗೇರ್ ಸೈಕಲ್ ಚೈನ್ ತೆಳು. ಬಯಲಲ್ಲಿ ಓಡುತ್ತದೆ, ಅಡ್ಡಕ್ಕೆ ಬಾಗುತ್ತದೆ. ಆದ್ದರಿಂದ ಅದನ್ನು ನೋಡಿಕೊಳ್ಳಬೇಕು. ನಾನು ನೋಡಿಕೊಂಡದ್ದು ಹೀಗೆ: ಅಬ್ಬಾನ ಸ್ಕೂಟರಿನಿಂದ ತೆಗೆದ ಹಳೆಯ ಎಂಜಿನ್ ಆಯಿಲನ್ನು ವಾರಕ್ಕೊಮ್ಮೆ ಸುರಿಯುತ್ತಿದ್ದೆ, ಒಮ್ಮೆಯೂ ಒರೆಸುತ್ತಿರಲಿಲ್ಲ. ಹಳೆ ಎಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿ ಇರುತ್ತದೆ. ಅದಕ್ಕೆ ನಮ್ಮ ಕೆಂಪುಮಣ್ಣು ಅಂಟಿದರೆ ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. ಚೈನ್‌ನ ಒಳಗಿನ ಪ್ರತಿ ಪಿನ್ನನ್ನೂ ನಾನೇ ಸಾಣೆ ಹಿಡಿದಿದ್ದೆ. ಅದರ ಮೇಲೆ ಭಾರದ ಗೇರಿನಲ್ಲಿ ನಿಂತು ತುಳಿದೆ. ತುಂಡಾಗದೆ ಇನ್ನೇನು?

ಹೊಸದಾಗಿ ರೋಡ್ ಸೈಕಲ್ ಹಿಡಿದ ಗೆಳೆಯರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಒರೆಸಿ, ಆಮೇಲೆ ಎಣ್ಣೆ ಹಾಕಿ. ಹಳೆ ಬಟ್ಟೆಯಿಂದ ಚೈನನ್ನು ಮೆಲ್ಲಗೆ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಹೊರಗಿನ ಕೊಳೆ ಹೋಗುತ್ತದೆ. ಹಿಂದಿನ ಹಲ್ಲು ಮತ್ತು ಚೈನ್ ನಡುವೆ ಬೆರಳು ಹೋಗದಂತೆ ಎಚ್ಚರ. ತುಂಬಾ ಕೊಳೆಯಾಗಿದ್ದರೆ ಡಿಗ್ರೀಸರ್ ಹಾಕಿ ಬ್ರಷ್‌ನಿಂದ ತಿಕ್ಕಿ, ತೊಳೆದು, ಪೂರ್ತಿ ಒಣಗಲು ಬಿಡಿ. ಬಳಿಕ ಸೈಕಲ್ ಚೈನಿಗೆಂದೇ ಸಿಗುವ ಎಣ್ಣೆಯನ್ನು ಪ್ರತಿ ರೋಲರ್ ಮೇಲೆ ಒಂದೊಂದು ಹನಿ ಬಿಡಿ. ಕೆಲವು ನಿಮಿಷ ಕಾದು, ಹೊರಗೆ ಉಳಿದದ್ದನ್ನು ಒರೆಸಿಬಿಡಿ. ಎಣ್ಣೆ ಬೇಕಾದದ್ದು ರೋಲರ್ ಒಳಗೆ. ಹೊರಗೆ ಉಳಿದ ಎಣ್ಣೆ ಧೂಳನ್ನು ಕರೆಯುವುದಕ್ಕೆ ಮಾತ್ರ ಉಪಯೋಗ. ಮಳೆಯಲ್ಲಿ ನೆನೆದ ದಿನ ಸಂಜೆಯೇ ಒರೆಸಿ ಎಣ್ಣೆ ಹಾಕಿ. ನಮ್ಮ ಕರಾವಳಿಯ ತೇವದಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಕಾಣಿಸುತ್ತದೆ.

ಚೈನನ್ನು ಅಳೆಯಿರಿ. ಚೈನ್ ಉದ್ದವಾಗುತ್ತದೆ ಎನ್ನುತ್ತಾರೆ. ನಿಜವಾಗಿ ಕಬ್ಬಿಣ ಹಿಗ್ಗುವುದಿಲ್ಲ, ಪಿನ್ನುಗಳು ಸವೆದು ಪ್ರತಿ ಕೊಂಡಿಗೂ ಸ್ವಲ್ಪ ಸಡಿಲ ಸೇರುತ್ತದೆ. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು. 24 ಕೊಂಡಿಗಳಿಗೆ ಸರಿಯಾಗಿ 12 ಇಂಚು. ಚೈನ್ ಬಿಗಿಯಾಗಿರುವಾಗ ಉಕ್ಕಿನ ಸ್ಕೇಲ್ ಇಟ್ಟು ನೋಡಿ. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನ್ ಬದಲಿಸುವ ಕಾಲ ಬಂದಿದೆ. ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಹೊಸ ಚೈನ್ ಅವುಗಳ ಮೇಲೆ ಜಾರುತ್ತದೆ. ನನ್ನದು ಅದಕ್ಕೂ ಮುಂದೆ ಹೋಗಿತ್ತು. ಚೈನಿನ ಜೊತೆ ಕ್ಯಾಸೆಟ್ಟನ್ನೂ ಬದಲಿಸಬೇಕಾಯಿತು. ಕೂಡಿಟ್ಟ ಈದಿ ಹಣವೆಲ್ಲ ಅದಕ್ಕೇ ಹೋಯಿತು.

ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಪೂರ್ತಿ ಭಾರ ಹಾಕಿ ತುಳಿಯುತ್ತಿರುವಾಗ ಬದಲಿಸಿದರೆ ಚೈನ್ ಕಟಕಟ ಎನ್ನುತ್ತದೆ, ಬೀಳಲೂಬಹುದು. ತುಳಿತ ಒಂದು ಕ್ಷಣ ಹಗುರ ಮಾಡಿ, ಆದರೆ ತಿರುಗಿಸುತ್ತಲೇ ಇದ್ದು ಬದಲಿಸಿ. ಮುಂದಿನ ದೊಡ್ಡ ಚಕ್ರದ ಜೊತೆ ಹಿಂದಿನ ಅತಿ ದೊಡ್ಡದನ್ನಾಗಲಿ, ಸಣ್ಣದರ ಜೊತೆ ಅತಿ ಸಣ್ಣದನ್ನಾಗಲಿ ಬಳಸಬೇಡಿ. ಚೈನ್ ಓರೆಯಾಗಿ ಎಳೆದು ಬೇಗ ಸವೆಯುತ್ತದೆ. ಹಿಂದಿನ ದೊಡ್ಡ ಹಲ್ಲಿಗೆ ಏರಲು ಚೈನ್ ತಡವರಿಸಿದರೆ ಹಿಂದಿನ ಡಿರೇಲರಿಗೆ ಕೇಬಲ್ ಸೇರುವಲ್ಲಿರುವ ತಿರುಪನ್ನು ಕಾಲು ಸುತ್ತು ಅಪ್ರದಕ್ಷಿಣವಾಗಿ ತಿರುಗಿಸಿ ನೋಡಿ. ಎಚ್ ಮತ್ತು ಎಲ್ ಎಂದು ಬರೆದ ಎರಡು ಸಣ್ಣ ಸ್ಕ್ರೂಗಳನ್ನು ಮಾತ್ರ ತಿಳಿಯದೆ ಮುಟ್ಟಬೇಡಿ. ಚೈನ್ ಚಕ್ರದ ಕಡ್ಡಿಗಳೊಳಗೆ ಬೀಳದಂತೆ ತಡೆಯುವುದು ಅವೇ.

ಕೊನೆಯ ದಿನಗಳು

1922ರಿಂದ ಸೇಂಟ್ ಎಟಿಯೆನ್‌ನಲ್ಲಿ ವೆಲೋಸಿಯೊ ದಿನ ಎಂಬ ವಾರ್ಷಿಕ ಸವಾರಿ ಆರಂಭವಾಯಿತು. ಸವಾರರು ಪಟ್ಟಣದಿಂದ ಅದೇ ಕಣಿವೆದಾರಿಗೆ ಹತ್ತುತ್ತಾರೆ. ಆಗ ಅವನಿಗೆ 69 ವರ್ಷ. ಪೈಪಿನವನು ಅವನನ್ನು ದಾಟಿಹೋದ ರಸ್ತೆಯಲ್ಲಿ ಅವನ ಹೆಸರಿನಲ್ಲೇ ಜನ ಏರು ಹತ್ತಿದರು.

1930ರಲ್ಲಿ, ಸೇಂಟ್ ಎಟಿಯೆನ್‌ನ ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆದು ಹೋಗುತ್ತಿದ್ದಾಗ ಟ್ರಾಮ್ ಡಿಕ್ಕಿ ಹೊಡೆದು ವೆಲೋಸಿಯೊ ತೀರಿಕೊಂಡ. ಜೀವನವಿಡೀ ಬೆಟ್ಟ ಇಳಿದವನಿಗೆ ಸಾವು ಬಂದದ್ದು ಸೈಕಲ್‌ನಿಂದ ಇಳಿದು ನಡೆಯುವಾಗ. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಅವನು ಹೋಗಿ ಏಳು ವರ್ಷಗಳ ಮೇಲೆ, 1937ರಲ್ಲಿ, ಟೂರ್ ಡಿ ಫ್ರಾನ್ಸ್‌ನಲ್ಲಿ ಡಿರೇಲರಿಗೆ ಒಪ್ಪಿಗೆ ಸಿಕ್ಕಿತು. ಆ ವರ್ಷ ಗೆದ್ದ ರೊಜೆ ಲಾಪೆಬಿ ಡಿರೇಲರ್ ಇದ್ದ ಸೈಕಲ್ ತುಳಿದಿದ್ದ. ಇಂದು ಆ ರೇಸಿನಲ್ಲಿ ಗೇರ್ ಇಲ್ಲದ ಸೈಕಲ್ ಹುಡುಕಿದರೂ ಸಿಗದು. ಗೇರ್ 45 ದಾಟಿದವರಿಗೆ ಎಂದ ಮಾತನ್ನು ಈಗ ಜನ ತಮಾಷೆಗೆ ಮಾತ್ರ ನೆನೆಯುತ್ತಾರೆ. ವೆಲೋಸಿಯೊ ಹೆಸರಿನಲ್ಲಿ 24 ಗಂಟೆಗಳ ಗುಂಪು ಸವಾರಿಯೊಂದು ಈಗಲೂ ನಡೆಯುತ್ತದೆ. ಗುಂಪಿನವರು ಕನಿಷ್ಠ 360 ಕಿಲೋಮೀಟರ್ ಜೊತೆಯಾಗಿ ಹೋಗಬೇಕು. ಮೊದಲು ಬಂದವರಿಗೆ ಬಹುಮಾನ ಎಂಬುದು ಅದರಲ್ಲಿ ಇಲ್ಲ. ನಮ್ಮ ಬೆಂಗಳೂರಿನ ದೂರದ ಸವಾರರು 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಸವಾರಿಗಳನ್ನು ನಡೆಸುತ್ತಾರಲ್ಲ, ಅದೂ ಇದೇ ಫ್ರೆಂಚ್ ಪರಂಪರೆಯ ಒಂದು ಕೊಂಬೆ.

ಅಟೆಂಡರ್ ಕಾಕನ ಸೈಕಲ್

ಕೊನೆಗೆ ಒಂದು ಮಾತು. ಹೊಸ ಚೈನ್ ಹಾಕಿಸಿದ ಮೇಲೆ ಅಟೆಂಡರ್ ಕಾಕನ ಪ್ರಶ್ನೆಗೆ ಉತ್ತರ ಕೊಡಬೇಕೆನಿಸಿತು. ಅವರ ಸೈಕಲ್‌ನ ಹಲ್ಲು ಎಣಿಸಿದೆ. ಮುಂದೆ 44, ಹಿಂದೆ 18. ಅವರದು ದೊಡ್ಡ ಚಕ್ರ, ಸುತ್ತಳತೆ ಸುಮಾರು 2.2 ಮೀಟರ್. ಒಂದು ಸುತ್ತಿಗೆ ಸುಮಾರು 5.4 ಮೀಟರ್. ಮೊಣಕಾಲು ನೋಯಿಸಿಕೊಂಡ ದಿನದ ನನ್ನ ಗೇರಿಗಿಂತಲೂ ಭಾರ! ನಿವೃತ್ತಿಯ ಹತ್ತಿರ ಬಂದ ಮನುಷ್ಯ ಇಷ್ಟು ವರ್ಷ ಆ ಏರನ್ನು ತಳ್ಳಿಕೊಂಡು ಹತ್ತುತ್ತಿದ್ದದ್ದು ಬಲ ಇಲ್ಲದ್ದಕ್ಕಲ್ಲ, ಅವರಿಗೆ ಇಳಿಸಲು ಗೇರೇ ಇರಲಿಲ್ಲ. ನನಗೆ ಹದಿನೆಂಟು ಇದ್ದವು.

ನಾವು ನಾಲ್ಕು ಜನ ಸೇರಿ ಹಣ ಹಾಕಿದೆವು. ಮಕ್ಕಳ ಗೇರ್ ಎಂದು ನಗುತ್ತಿದ್ದ ಗೆಳೆಯರೂ ಅದರಲ್ಲಿದ್ದರು. ಪೇಟೆಯ ಸೈಕಲ್ ಅಂಗಡಿಯಲ್ಲಿ 22 ಹಲ್ಲಿನ ಫ್ರೀವೀಲ್ ಸಿಕ್ಕಿತು. ದೊಡ್ಡ ಹಲ್ಲುಚಕ್ರಕ್ಕೆ ಸಾಲುವಂತೆ ಚೈನಿಗೆ ಎರಡು ಕೊಂಡಿ ಸೇರಿಸಿದೆವು, ಕೊಳೆ ತೆಗೆದು ಎಣ್ಣೆ ಹಾಕಿದೆವು. ಈಗ ಒಂದು ಸುತ್ತಿಗೆ 4.4 ಮೀಟರ್. ಪ್ರತಿ ತುಳಿತದ ಭಾರದಲ್ಲಿ ಸುಮಾರು ಐದನೇ ಒಂದು ಭಾಗ ಇಳಿಯಿತು.

ಕಾಕ ಈಗಲೂ ಕೊನೆಯ ತಿರುವಿನಲ್ಲಿ ಇಳಿಯುತ್ತಾರೆ. ಆದರೆ ತಿರುವಿನವರೆಗೆ ತುಳಿದೇ ಬರುತ್ತಾರೆ. ನಾನು ಸಣ್ಣ ಚಕ್ರದಲ್ಲಿ ಕಾಲು ಬೇಗ ಬೇಗ ತಿರುಗಿಸುತ್ತಾ ಅವರ ಜೊತೆ ಬರುತ್ತೇನೆ. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಕೆಲವರು ನಮ್ಮನ್ನು ನೋಡಿ ನಗುವುದುಂಟು. ನಗಲಿ. ತಿರುವಿನಲ್ಲಿ ಅವರು ಇಳಿದಾಗ ನಾನೂ ಇಳಿದು, ಗೇಟಿನವರೆಗೆ ಇಬ್ಬರೂ ಮಾತಾಡುತ್ತಾ ನಡೆಯುತ್ತೇವೆ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿ